ಕೈಗೆ ಬಂದದ್ದು, ಬೆನ್ನಿಗೆ ನಿಂತದ್ದು

ಘಟಪ್ರಭಾ ರೈಲು ನಿಲ್ದಾಣ. ಮಿರಜ ಕಡೆ ಹೋಗುವ ಗಾಡಿ ತಡವಾಗಿದೆ. ಒಂದೇ ಬೆಂಚಿನ ಮೇಲೆ ಮೂವರು ಕೂತಿದ್ದಾರೆ. ಗೋಕಾಕದ ಬಸಪ್ಪ ಸೊಲ್ಲಾಪುರ ಕಡೆಯ ನೂಲಿನ ಗಿರಣಿಯೊಂದರಲ್ಲಿ ದುಡಿದು ನಿವೃತ್ತರಾದವರು. ಶೈಲಾ ಹುಕ್ಕೇರಿ ತಾಲ್ಲೂಕಿನವರು, ಗುತ್ತಿಗೆ ನರ್ಸ್. ಮೂಡಲಗಿಯ ಮಲ್ಲಿಕಾರ್ಜುನ ಐಟಿಐ ಮುಗಿಸಿದ ಟರ್ನರ್. ಅವನಿಗೆ ಎರಡು ಕಡೆಯಿಂದ ಕೆಲಸಕ್ಕೆ ಕರೆ ಬಂದಿದೆ.

ಮಲ್ಲಿಕಾರ್ಜುನ: ಪುಣೆಯ ಭೋಸರಿಯಾಗ ಒಂದು ಸಣ್ಣ ವರ್ಕ್‌ಶಾಪ್ ಐತ್ರಿ ಕಾಕಾ, ಹದಿನೈದು ಮಂದಿ ಕೆಲಸಗಾರರು. ತಿಂಗಳಿಗೆ 24,000 ಕೈಗೆ ಕೊಡತಾರ. ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ಬೆಳಗಾವಿ ಉದ್ಯಮಬಾಗದಾಗ ಒಂದು ಫೌಂಡ್ರಿಯವರು 15,000 ಅಂತಾರ. ಅಲ್ಲಿ ಎಲ್ಲಾ ಸವಲತ್ತು ಐತಿ. ನಾ ಪುಣೆಗೇ ಹೊಂಟೀನಿ. ರೊಕ್ಕ ನನ್ನ ಕೈಯಾಗ ಇರಲಿ, ಬೇಕಾದ್ದು ನಾನ ಕೊಳ್ತೀನಿ.

ಶೈಲಾ: ಪಿಎಫ್ ಯಾಕಿಲ್ಲ ಅಂತ ಕೇಳಿದ್ಯಾ?

ಮಲ್ಲಿಕಾರ್ಜುನ: ಕೇಳಿದೆ ಅಕ್ಕಾ. ಇಪ್ಪತ್ತು ಮಂದಿ ಇದ್ರ ಅಷ್ಟ ಕಾಯ್ದೆ ಹತ್ತತೈತಂತ. ಇಎಸ್‌ಐಗೆ 21,000ದ ಮಿತಿ, ನನ್ನ ಪಗಾರ ಅದನ್ನ ದಾಟತೈತಿ. ಎಲ್ಲಾ ಕಾಯ್ದೆಶೀರ ಐತಿ.

ಶೈಲಾ: ಹಂಗಾದ್ರ ಲೆಕ್ಕ ಪೂರಾ ಮಾಡು. ಬೆಳಗಾವಿಯಾಗ ನಿನ್ನ 15,000ದ ಮ್ಯಾಲ ಮಾಲಕ ಪಿಎಫ್‌ಗೆ 1,800 ಹಾಕತಾನ. ಇಎಸ್‌ಐಗೆ ನೂರಕ್ಕ ಮೂರೂಕಾಲು, ಅಂದ್ರ 488 ರೂಪಾಯಿ. ಗ್ರ್ಯಾಚ್ಯುಟಿ ವರ್ಷಕ್ಕ ಹದಿನೈದು ದಿನದ ಪಗಾರ, ತಿಂಗಳಿಗೆ ಹಂಚಿದ್ರ 720. ಎಲ್ಲಾ ಕೂಡಿ ಮೂರು ಸಾವಿರ. ನಿನ್ನ ಪಗಾರ 18,000 ಅಂತ ತಿಳಿ.

ಮಲ್ಲಿಕಾರ್ಜುನ: ನನ್ನ ಪಗಾರದಾಗೂ ಮುರಕೋತಾರಲ್ಲ! ಕೈಗೆ ಬರೂದು 13,000 ಚಿಲ್ಲರೆ. ಮನಿಯಾಗ ಅವ್ವ ಕೇಳೂದು ಕೈಗೆ ಬಂದದ್ದು, ಕಾಗದದಾಗಿಂದು ಅಲ್ಲ.

ಬಸಪ್ಪ: ಭೋಸರಿಯಾಗ ಖೋಲಿ ಬಾಡಿಗಿ, ಖಾನಾವಳಿ ಊಟ ಕಳದ್ರ ಎರಡೂ ಒಂದ ಮಟ್ಟಕ್ಕ ಬರತಾವ. ಲೆಕ್ಕದಾಗ ಇದು ಬಗೆಹರಿಯೂ ಮಾತಲ್ಲ ಬಿಡ್ರಿ. ಆದ್ರ ನಾ ಹುಡುಗನ ಕಡೆ. ಪಗಾರ ದೊಡ್ಡದು.

ಶೈಲಾ: ನೀವಾ, ಕಾಕಾ? ನಿಮ್ಮ ವಯಸ್ಸಿನವರು ಪಿಂಚಣಿ, ಕ್ವಾರ್ಟರ್ಸು ಅಂತ ಹೇಳತಾರ ಅಂದುಕೊಂಡಿದ್ದೆ.

ಬಸಪ್ಪ: ಕ್ವಾರ್ಟರ್ಸಿನ್ಯಾಗ ಇದ್ದವನಿಗೆ ಅದರ ಬೆಲಿ ಗೊತ್ತು, ಯವ್ವಾ. ನಮ್ಮಪ್ಪ ಗೋಕಾಕ ಫಾಲ್ಸಿನ ಗಿರಣಿಯಾಗ ಇದ್ದ. 1885ರಾಗ ಹುಟ್ಟಿದ ಕಂಪನಿ. ಘಟಪ್ರಭೆಯ ನೀರಿನ ಬಲದ ಮ್ಯಾಲ ನೂಲು ತೆಗೀತಿದ್ರು. ಗಿರಣಿ ಸುತ್ತ ಮನಿ, ಸಾಲಿ, ದವಾಖಾನಿ. ನಾ ನಾಕಕ್ಷರ ಕಲ್ತದ್ದು ಆ ಸಾಲಿಯಾಗ, ಅದನ್ನ ಮರೆಯಾಂಗಿಲ್ಲ. ಆಮ್ಯಾಲ ನಾ ದುಡದ ಗಿರಣಿ ಬ್ಯಾರೆ. ಅಲ್ಲೂ ಮನಿ ಕೊಟ್ಟಿದ್ರು. ಒಮ್ಮೆ ಯೂನಿಯನ್ ಮುಷ್ಕರಕ್ಕ ಕರೀತು. ನಾ ಅಂಗಿ ತೊಟ್ಟು ಹೊರಬಿದ್ದೆ. ಹೆಂಡತಿ ಬಾಗಿಲದಾಗ ನಿಂತು ಕೇಳಿದ್ಲು: "ಕೆಲಸ ಹೋದ್ರ ಇನ್ನೊಂದು ಸಿಗಬಹುದು, ಈ ಮನಿ ಹೋದ್ರ ಹುಡುಗರನ್ನ ಎಲ್ಲಿ ಮಲಗಸೂದು?" ನಾ ಅಂಗಿ ಕಳದು ಕುಂತೆ. ಪಗಾರ ಒಂದ ಇದ್ದಿದ್ರ ಹೋಗ್ತಿದ್ದೆ.

ಮಲ್ಲಿಕಾರ್ಜುನ: ಅಮೆರಿಕಾದಾಗೂ ಹಿಂಗ ಆಗೇತ್ರಿ. ಶಿಕಾಗೊ ಹತ್ರ ಪುಲ್‌ಮನ್ ಅಂತ ರೈಲು ಡಬ್ಬಿ ಮಾಡೂ ಕಂಪನಿ ಇತ್ತು. ಕಾಮಗಾರರಿಗೆ ಅಂತ ಒಂದು ಊರ ಕಟ್ಟಿಸಿದ್ರು. ಧಂದೆ ಬಿದ್ದಾಗ ಪಗಾರ ಇಳಿಸಿದ್ರು, ಮನಿ ಬಾಡಿಗಿ ಮಾತ್ರ ಇಳಿಸಲಿಲ್ಲ. 1894ರಾಗ ದೊಡ್ಡ ಮುಷ್ಕರ ಆತು. ದೇಶದ ರೈಲುಗಳ ನಿಂತು, ಸೈನ್ಯ ಇಳೀತು.

ಬಸಪ್ಪ: ಕೊಡೂ ಕೈ ಒಂದ, ಕಸಿಯೂ ಕೈನೂ ಅದ ಆದಾಗ ಹಿಂಗ. ಅದಕ್ಕ ನಾ ಪಗಾರ ಅನ್ನೂದು. ಎಣಿಸಿ ಕೊಟ್ಟಿ, ಎಣಿಸಿ ತಗೊಂಡೆ, ಹಂಗು ಹರೀತು.

ಮಲ್ಲಿಕಾರ್ಜುನ: ನಮ್ಮ ಕಡೆ ರೈತರನ್ನ ನೋಡ್ರಿ. 2025ರ ನವೆಂಬರದಾಗ ಗುರ್ಲಾಪುರ ಕ್ರಾಸಿನ್ಯಾಗ ಧರಣಿ ಕುಂತಾಗ ಕೇಳಿದ್ದು ಕಬ್ಬಿಗೆ ಟನ್ನಿಗೆ 3,500. ಸರ್ಕಾರ 3,300ಕ್ಕ ಬಗೆಹರಿಸ್ತು. ಯಾರೂ ನಮಗ ಕ್ಯಾಂಟೀನ್ ಕೊಡ್ರಿ ಅನ್ನಲಿಲ್ಲ, ದರ ಕೊಡ್ರಿ ಅಂದ್ರು.

ಶೈಲಾ: ರೈತನ ಬೆನ್ನಿಗೆ ಹೊಲ ಐತಿ, ತಮ್ಮಾ. ಜಡ್ಡಿಗೆ ಬಿದ್ರ ಮಗ ನೀರು ಹಾಯಿಸ್ತಾನ, ಬೆಳಿ ಬೆಳೀತೈತಿ. ಆ ಕಬ್ಬು ಕಡಿಯಾಕ ಬರೂ ಟೋಳಿ ನೋಡು. ಅವರಿಗೆ ಸವಲತ್ತಿನ ಹಂಗ ಇಲ್ಲ, ಬರೇ ರೊಕ್ಕ. ಗಂಡ ಹೆಂಡತಿ ಕೂಡಿ ಒಂದು ಕೊಯ್ತಾ ಅಂತ ಲೆಕ್ಕ. ಹಂಗಾಮಿನ ಮೊದಲ ಟೋಳಿಯ ಮುಕಾದಮ ಉಚಲ್ ಅಂತ ಮುಂಗಡ ಕೊಡತಾನ, ಆಮ್ಯಾಲ ಟನ್ನಿನ ಲೆಕ್ಕದಾಗ ತೀರಿಸಬೇಕು. ಒಂದು ದಿನ ತಪ್ಪಿದ್ರ ದಂಡ. ಬೀಡ ಜಿಲ್ಲಾದ ಸುದ್ದಿ 2019ರಾಗ ಓದಿರಬೇಕು. ಮುಟ್ಟಿನ ದಿನ ಕೆಲಸ ತಪ್ಪಬಾರದು ಅಂತ ಕಬ್ಬು ಕಡಿಯೂ ಹೆಣ್ಣುಮಕ್ಕಳು ಗರ್ಭಕೋಶನ ತೆಗೆಸಿಕೊಂಡಿದ್ರು. ಮಹಾರಾಷ್ಟ್ರ ಸರ್ಕಾರ ನೀಲಂ ಗೋರ್ಹೆ ಅವರ ಅಧ್ಯಕ್ಷತೆಯಾಗ ಸಮಿತಿ ಮಾಡಿತು. ಗರ್ಭಕೋಶ ತೆಗೆಸಿಕೊಂಡವರೊಳಗ ಮೂವತ್ತೂ ತುಂಬದವರು ಇದ್ರು.

ಬಸಪ್ಪ: ಅದು ಪಗಾರ ಕಡಿಮಿ ಆದದ್ದಕ್ಕ, ಯವ್ವಾ. ದರ ದುಪ್ಪಟ್ಟು ಮಾಡಿದ್ರ ಆಕಿ ಎರಡು ದಿನ ಕುಂತಾಳು.

ಶೈಲಾ: ಅಲ್ಲೇ ನಿಮ್ಮ ಮಾತು ತಪ್ಪತೈತಿ, ಕಾಕಾ. ದರ ದುಪ್ಪಟ್ಟಾದ್ರ, ತಪ್ಪಿದ ದಿನದ ಹಾನಿನೂ ದುಪ್ಪಟ್ಟು ಆತಲ್ಲ. ಮೊದಲ 400 ಬಿಟ್ಟು ಕುಂದ್ರಬೇಕಿತ್ತು ಅಂದ್ರ, ಈಗ 800 ಬಿಡಬೇಕು. ಕೂಲಿ ಏರಿದಂಗ ವಿಶ್ರಾಂತಿ ತುಟ್ಟಿ ಆಕ್ಕೊಂತ ಹೋಗತೈತಿ. ರಜಾ ಅನ್ನೂದು ಕೂಲಿ ಕೊಟ್ಟು ಕೊಳ್ಳೂ ಸಾಮಾನಲ್ಲ. ಇಎಸ್‌ಐ ಇದ್ದ ಹೆಣ್ಣುಮಗಳಿಗೆ ಹೆರಿಗಿಗೆ 26 ವಾರ ಪೂರಾ ಪಗಾರದ ರಜಾ. ಜಡ್ಡಾದ್ರ 91 ದಿನದ ತನಕ ನೂರಕ್ಕ ಎಪ್ಪತ್ತರಷ್ಟು. ಅಲ್ಲಿ ಆಕಿ ಕುಂತ್ರೂ ಮನಿ ನಡೀತೈತಿ.

ಬಸಪ್ಪ: (ತುಸು ಹೊತ್ತು ಸುಮ್ಮನಿದ್ದು) ಈ ಲೆಕ್ಕ ನಾ ಮಾಡಿರಲಿಲ್ಲ.

ಮಲ್ಲಿಕಾರ್ಜುನ: ಆದ್ರ ಅಕ್ಕಾ, ತಿಂಗಳಿಗೆ ಎರಡು ಸಾವಿರ ಉಳಿಸಿ ನಾನ ವಿಮೆ ಮಾಡಿಸಿದ್ರ?

ಶೈಲಾ: ಮಾಡಿಸು, ಬ್ಯಾಡ ಅನ್ನಾಂಗಿಲ್ಲ. ವಿಮೆ ಕಂಪನಿ ನಿನ್ನ ವಯಸ್ಸು ಕೇಳತೈತಿ, ಮೊದಲಿಂದ ಇದ್ದ ಬ್ಯಾನಿಗೆ ಕಾಯಿ ಅಂತೈತಿ, ಅಪ್ಪ ಅವ್ವನ ಹೆಸರು ಸೇರಿಸಿದ್ರ ಕಂತು ಏರಸತೈತಿ. ಇಎಸ್‌ಐಯಾಗ ಗಟ್ಟಿಯಾಗಿ ಇರಾವ್ರೂ ಜಡ್ಡಿನವ್ರೂ ಒಂದ ದರ ಕಟ್ಟತಾರ. ನೀ 113 ರೂಪಾಯಿ ಕೊಟ್ರ ಮನಿಮಂದಿಗೆಲ್ಲಾ ಔಷಧ. ಇನ್ನೊಂದು ಮಾತು. ನಾಳೆ ನಿನ್ನ ಮದುವಿ ಆಗತೈತಿ. ಪಗಾರ ಬರೂದು ನಿನ್ನ ಅಕೌಂಟಿಗೆ. ಅದನ್ನ ಮನಿಗೆ ತರತೀಯೋ, ದಾರಿಯಾಗ ಮುಗಸತೀಯೋ, ನಿನ್ನ ಹೆಂಡತಿಗೆ ಹೆಂಗ ಗೊತ್ತಾಗಬೇಕು? ಇಎಸ್‌ಐ ಕಾರ್ಡಿನ್ಯಾಗ ಆಕಿ ಹೆಸರು ಇರತೈತಿ, ಪಿಎಫ್ ನಾಮಿನಿಯಾಗ ಇರತೈತಿ. ಹೆಣ್ಣುಮಕ್ಕಳಿಗೆ ಸವಲತ್ತು ದೊಡ್ಡದು ಕಾಣೂದು ಅದಕ್ಕ.

ಬಸಪ್ಪ: ಅದು ಖರೇ. ಆದ್ರ ಎಲ್ಲಾ ಸವಲತ್ತನ್ನ ಒಂದ ತಕ್ಕಡಿಗೆ ಹಾಕಬ್ಯಾಡ. ನನಗ ಗೊತ್ತಿದ್ದ ಒಬ್ಬ ಮಾಲಕ ದೀಪಾವಳಿಗೆ ಎಲ್ಲರಿಗೂ ಕರದಂಟಿನ ಡಬ್ಬಿ ಹಂಚತಿದ್ದ. ಅಂಟು, ಕೊಬ್ಬರಿ, ಗೋಡಂಬಿ, ಬೆಲ್ಲ, ಎಲ್ಲಾ ಅಸಲಿ ಗೋಕಾಕದ್ದು. ಮಂದಿ ಕೈ ಮುಗದು ತಗೊಂತಿದ್ರು. ಕಾಯ್ದೆ ಪ್ರಕಾರ ಕೊಡಬೇಕಾದ ಬೋನಸ್ ಕಡಿಮಿ ಅಂದ್ರೂ ವರ್ಷದ ಪಗಾರದಾಗ ನೂರಕ್ಕ 8.33, ಅಂದ್ರ ಹತ್ರ ಹತ್ರ ಒಂದು ತಿಂಗಳ ಪಗಾರ. ಅದನ್ನ ಕೇಳಾಕ ಯಾರಿಗೂ ಬಾಯಿ ಬರಲಿಲ್ಲ. ಬಾಯಾಗ ಕರದಂಟು ಇತ್ತಲ್ಲ!

ಶೈಲಾ: (ನಕ್ಕು) ಅದು ಸವಲತ್ತಲ್ಲ, ಕಾಕಾ, ಬಾಯಿಗೆ ಹಾಕಿದ ಬೀಗ.

ಮಲ್ಲಿಕಾರ್ಜುನ: ಹಂಗಾದ್ರ ಯಾವುದು ಸವಲತ್ತು, ಯಾವುದು ಪಗಾರ ಅಂತ ಗೆರಿ ಎಲ್ಲಿ ಎಳೀಬೇಕು? ಸಕ್ಕರಿ ಕಾರ್ಖಾನ್ಯಾಗ ಹಂಗಾಮಿ ಕಾಮಗಾರರಿಗೆ ಕಬ್ಬು ಅರೆಯೂದು ನಿಂತ ತಿಂಗಳಿನ್ಯಾಗೂ ಒಂದು ಪಾಲು ಕೊಡೂ ಪದ್ಧತಿ ಐತಿ, ರಿಟೇನಿಂಗ್ ಭತ್ಯೆ ಅಂತ. ಕೆಲಸ ಇಲ್ಲ, ರೊಕ್ಕ ಐತಿ. ಅದು ಪಗಾರನೋ, ಸವಲತ್ತೋ?

ಬಸಪ್ಪ: ಕಾಯೂದಕ್ಕ ಕೊಟ್ಟ ಪಗಾರ. ಮುಂದಿನ ಹಂಗಾಮಿಗೆ ಬಾಯ್ಲರ್ ಹತ್ರ ಅದ ಕೈ ಬೇಕಲ್ಲ. ಹೊಸಬನ್ನ ನಿಲ್ಲಿಸಿದ್ರ ಅಪಘಾತ ಆಕ್ಕೈತಿ.

ಶೈಲಾ: ಗ್ರ್ಯಾಚ್ಯುಟಿನೂ ಹಂಗ. 15,000ದ ಮ್ಯಾಲ ಇಪ್ಪತ್ತು ವರ್ಷ ದುಡದ್ರ ಹದಿನೈದು ಭಾಗಿಸು ಇಪ್ಪತ್ತಾರು ಲೆಕ್ಕದಾಗ 1,73,000 ಬರತೈತಿ. ಅದು ಯಾರೋ ಕೊಟ್ಟ ಕಾಣಿಕಿ ಅಲ್ಲ, ತಡವಾಗಿ ಬಂದ ನಿನ್ನ ಪಗಾರ. ನಮ್ಮ ರಾಜ್ಯದ ಸರ್ಕಾರಿ ಆಫೀಸಿನ್ಯಾಗ ನೋಡು: 2006ರ ಏಪ್ರಿಲ್ 1ಕ್ಕ ಮೊದಲ ಸೇರಿದವರಿಗೆ ಹಳೆ ಪಿಂಚಣಿ, ಆಮ್ಯಾಲ ಬಂದವರಿಗೆ ಎನ್‌ಪಿಎಸ್. ಬಾಜೂಕ ಕುಂತು ಅದ ಕೆಲಸ ಮಾಡತಾರ. ಎನ್‌ಪಿಎಸ್‌ನವರು ವರ್ಷಾನುಗಟ್ಟಲೆ ಹೋರಾಡಿದ್ದು ಈ ತಿಂಗಳ ಪಗಾರಕ್ಕಲ್ಲ, ಅರವತ್ತು ತುಂಬಿದ ಮ್ಯಾಲಿನ ಪಗಾರಕ್ಕ. ಗುತ್ತಿಗೆ ಮ್ಯಾಲ ಇರೂ ನನ್ನಂಥವ್ರು ಆ ಸಾಲಿನ್ಯಾಗೂ ಇಲ್ಲ.

ಮಲ್ಲಿಕಾರ್ಜುನ: ಅಂದ್ರ ಒಂದು ಕಾಯಂ ಪರೀಕ್ಷೆ ಬೇಕು. ನಾ ಹಿಂಗ ಕೇಳತೀನಿ: ನಾ ಕೆಲಸ ಬಿಟ್ಟಾಗ ಅದು ನನ್ನ ಸಂಗತ ಬರತೈತೇನು? ಪಿಎಫ್ ಬರತೈತಿ, ಯುಎಎನ್ ನಂಬರ್ ಒಂದ, ಮಾಲಕ ಬದಲಾದ್ರೂ ಖಾತೆ ನಂದ. ಕ್ವಾರ್ಟರ್ಸ್ ಬರೂದಿಲ್ಲ.

ಬಸಪ್ಪ: ನಂದೊಂದು ಸೇರಿಸು. ಕೊಡಾವ ಸಿಟ್ಟಿಗೆದ್ರ ನಿಲ್ಲಿಸಾಕ ಬರತೈತೇನು? ನಿಲ್ಲಿಸಾಕ ಬರತೈತಿ ಅಂದ್ರ ಅದು ಹಂಗು. ಕಾಯ್ದೆ ಕೈ ಹಿಡಿದ್ರ ಹಕ್ಕು.

ಶೈಲಾ: ನಾ ಮೂರನೇದು ಹೇಳತೀನಿ. ಅದನ್ನ ಮಾಲಕನ ಯಾಕ ಕೊಡಬೇಕು? ಈ ಘಟಪ್ರಭಾದಾಗ ಜೆ.ಜಿ. ಸಹಕಾರಿ ಆಸ್ಪತ್ರೆ ಐತಿ. ಸದಸ್ಯರು ಕೂಡಿ ಕಟ್ಟಿದ್ದು, ಯಾವ ಗಿರಣಿ ಮಾಲಕಂದೂ ಅಲ್ಲ. ನಮ್ಮ ಹುಕ್ಕೇರಿ ತಾಲ್ಲೂಕಿನ ಹಳ್ಳಿಗಳಿಗೆ 1969ರಾಗ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಕರೆಂಟ್ ಹಂಚತೈತಿ; ದೇಶದಾಗ ಪ್ರಯೋಗಕ್ಕ ಅಂತ ಶುರು ಮಾಡಿದ ಐದರಾಗ ಅದೊಂದು. ನೀ ಯಾರ ಕಡೆ ದುಡೀತಿ ಅಂತ ಲೈನ್‌ಮನ್ ಕೇಳೂದಿಲ್ಲ. ದವಾಖಾನಿ, ಸಾಲಿ ಊರಿನವು ಆದ್ರ, ಕಾಕಾ, ನಿಮ್ಮ ಹೆಂಡತಿ ಬಾಗಿಲದಾಗ ನಿಂತು ಆ ಮಾತು ಕೇಳೂ ಪ್ರಸಂಗ ಬರತಿರಲಿಲ್ಲ.

ಬಸಪ್ಪ: ಅದು ಚಂದ ಐತಿ. ಆದ್ರ ಊರು ಕಟ್ಟೂ ತನಕ ಈ ಹುಡುಗ ಏನ ಮಾಡಬೇಕು? ಎಲ್ಲಾ ಊರಿಗೂ ಜೆ.ಜಿ. ಆಸ್ಪತ್ರೆ ಇಲ್ಲ. ಅಷ್ಟರ ಮಟ್ಟಿಗೆ ಮಾಲಕನ ಕಡೆಯಿಂದನ ವಸೂಲಿ ಮಾಡಬೇಕು.

ಮಲ್ಲಿಕಾರ್ಜುನ: ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಬಂದಾವಲ್ರಿ. ಒಟ್ಟು ಕೊಡೂದ್ರಾಗ ಅರ್ಧಕ್ಕಿಂತ ಹೆಚ್ಚು ಭತ್ಯೆ ಅಂತ ತೋರಿಸಾಕ ಬರೂದಿಲ್ಲ. ಭತ್ಯೆ ಹಿಗ್ಗಿಸಿ ಮೂಲ ಪಗಾರ ಕುಗ್ಗಿಸಿದ್ರ ಪಿಎಫ್, ಗ್ರ್ಯಾಚ್ಯುಟಿ ಎರಡೂ ಸೊರಗ್ತಿದ್ದವು.

ಶೈಲಾ: ಅದನ್ನ ಕೇಳಿ ನಮ್ಮ ಮೈದುನ ಗೊಣಗಿದ: ಪಿಎಫ್ ಹೆಚ್ಚು ಮುರದ್ರ ಕೈಗೆ ಬರೂದು ಕಡಿಮಿ ಆಗತೈತಿ ಅಂತ. ಸುಳ್ಳಲ್ಲ ಅವನ ಮಾತು. ಮನಿ ಕಂತು ಈ ತಿಂಗಳು ಕಟ್ಟಬೇಕು, ಮುಪ್ಪು ಇಪ್ಪತ್ತು ವರ್ಷ ಆದಮ್ಯಾಲ ಬರತೈತಿ. ಹಸಿದವನಿಗೆ ನಾಳಿನ ಬುತ್ತಿ ತೋರಿಸಿದ್ರ ಹೊಟ್ಟಿ ತುಂಬೂದಿಲ್ಲ. ಪಗಾರ ಹೊಟ್ಟಿಗೆ ಸಾಲೂ ಮಟ್ಟ ಮುಟ್ಟೂ ತನಕ ಕಾಕಾನ ಮಾತ ಮ್ಯಾಲ. ಆ ಮಟ್ಟ ದಾಟಿದ ಮ್ಯಾಲ ನನ್ನದು.

ಬಸಪ್ಪ: ಮಟ್ಟ ದಾಟಿತು ಅಂತ ಯಾರು ಹೇಳಬೇಕು, ಯವ್ವಾ? ಮಾಲಕ ಹೇಳಬಾರದು. ಅಷ್ಟ ನನ್ನ ತಕರಾರು.

ಮಲ್ಲಿಕಾರ್ಜುನ: ನಾ ಭೋಸರಿಯವಗ ಫೋನ್ ಮಾಡತೀನಿ. ಇಪ್ಪತ್ತಕ್ಕಿಂತ ಕಡಿಮಿ ಮಂದಿ ಇದ್ರೂ, ಮಾಲಕ ಮತ್ತ ಹೆಚ್ಚಿನ ಕೆಲಸಗಾರರು ಒಪ್ಪಿದ್ರ ಪಿಎಫ್‌ಗೆ ಸೇರಾಕ ಕಾಯ್ದೆಯಾಗ ದಾರಿ ಐತಿ. ಅದನ್ನ ಮಾಡ್ತಿಯೇನು ಅಂತ ಕೇಳತೀನಿ.

ಬಸಪ್ಪ: 24,000ದಾಗ ಮುರಕೋತೀನಿ ಅಂತಾನ.

ಮಲ್ಲಿಕಾರ್ಜುನ: ಮುರಕೊಳ್ಳಲಿ. ನನ್ನ ಹೆಸರಿನ ಖಾತೆಗೆ ಹೋಗತೈತಲ್ಲ.

ಶೈಲಾ: ಒಪ್ಪಲಿಲ್ಲಂದ್ರ?

ಮಲ್ಲಿಕಾರ್ಜುನ: ಬೆಳಗಾವಿಗೆ ಹೋಗತೀನಿ, ಅವರ ಹತ್ರ ಪಗಾರ ಏರಸ್ರಿ ಅಂತ ಕೇಳತೀನಿ.

ಬಸಪ್ಪ: ಈ ಧೈರ್ಯ ನಿನಗ ಬಂದದ್ದು ಎರಡು ಕೆಲಸ ಕೈಯಾಗ ಇರೂದಕ್ಕ. ಒಂದ ಇದ್ದವಗ ಪಗಾರನೂ ಅವರು ಹೇಳಿದ್ದ, ಸವಲತ್ತೂ ಅವರು ಕೊಟ್ಟದ್ದ. ಅದಕ್ಕ ಫೋನಿನ್ಯಾಗ ಮಾತು ಪಕ್ಕಾ ಆಗೂ ತನಕ ಇಬ್ಬರಿಗೂ "ಇಲ್ಲ" ಅನ್ನಬ್ಯಾಡ, ತಮ್ಮಾ.