ಕೆಳಗಿನ ಮನೆಯೋರು

ದೊಡ್ಡಬಳ್ಳಾಪುರದ ಹತ್ತಿರ, ಅರ್ಕಾವತಿ ಸಾಲಿನ ಕೆರೆಯೊಂದರ ಕೆಳಗೆ ನಮ್ಮ ದೊಡ್ಡಮ್ಮನ ಊರು. ಚಿಕ್ಕವನಿದ್ದಾಗ ಬೇಸಿಗೆ ರಜೆಗೆ ಹೋದರೆ ಬಾವಿಗೆ ಹಾರೋದು, ಬಾಯಾರಿದರೆ ಅದೇ ನೀರು ಕುಡಿಯೋದು. ಈಗ ಹೋದರೆ ಬಾಗಿಲಲ್ಲೇ ಎಚ್ಚರಿಕೆ: "ಕೈಕಾಲು ತೊಳ್ಕೊ ಮಗಾ. ಆದ್ರೆ ಈ ನೀರು ಬಾಯಿಗ್ ಹಾಕ್ಬೇಡ. ಒಳಗೆ ಕ್ಯಾನ್ ನೀರು ಐತೆ."

ಇದು ನಮ್ಮ ದೊಡ್ಡಮ್ಮನೊಬ್ಬಳ ಕಥೆಯಲ್ಲ. ದೊಡ್ಡಬಳ್ಳಾಪುರ ನಗರದ ಒಳಚರಂಡಿ ನೀರು, ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ತ್ಯಾಜ್ಯ ನೀರು ತಮ್ಮ ಕೆರೆಗಳಿಗೆ ಬರೋದು ನಿಲ್ಲಲಿ ಅಂತ ದೊಡ್ಡತುಮಕೂರು, ಮಜರಾಹೊಸಹಳ್ಳಿ ಪಂಚಾಯ್ತಿಗಳ ಜನ ವರ್ಷಗಳಿಂದ ಹೋರಾಡುತ್ತಿದ್ದಾರೆ. ಅವರು ಕೇಳ್ತಿರೋದು ದೊಡ್ಡದೇನಲ್ಲ: ಮೂರನೇ ಹಂತದವರೆಗೆ ಶುದ್ಧ ಮಾಡಿ ನೀರು ಬಿಡಿ, ಕುಡಿಯೋಕೆ ಒಳ್ಳೆ ನೀರು ಕೊಡಿ. ಇದೇ ಅರ್ಕಾವತಿಗೆ ಕಟ್ಟಿದ ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ಜಲಾಶಯಗಳಿಂದ ಬೆಂಗಳೂರು ದಶಕಗಳ ಕಾಲ ನೀರು ಕುಡಿದಿದೆ ಅನ್ನೋದು ನೆನಪಾದರೆ ಸಿಟ್ಟು ಇನ್ನೂ ಜಾಸ್ತಿಯಾಗುತ್ತೆ. ಆ ಸಿಟ್ಟನ್ನ ನಾನೂ ಸ್ಟೇಟಸ್‌ಗೆ ಹಾಕಿದ್ದೀನಿ. ಲೈಕೂ ಬಂದಿವೆ.

ಈಗ ನನ್ನ ಕಥೆ.

ನಾನಿರೋದು ದೇವನಹಳ್ಳಿ ಕಡೆಯ ಅಪಾರ್ಟ್‌ಮೆಂಟಿನಲ್ಲಿ. ಎರಡು ವರ್ಷದ ಹಿಂದೆ ಅಸೋಸಿಯೇಷನ್ ಕಮಿಟಿಯಲ್ಲಿ ನಾನೇ ಖಜಾಂಚಿ. ಒಂದು ಮಳೆಗಾಲದಲ್ಲಿ ನಮ್ಮ ಎಸ್‌ಟಿಪಿಯ ಬ್ಲೋವರ್ ಕೆಟ್ಟಿತು. ಕೊಳಚೆಯನ್ನ ತಿಂದು ನೀರನ್ನ ತಿಳಿ ಮಾಡೋದು ಬ್ಯಾಕ್ಟೀರಿಯಾ. ಅವುಕ್ಕೆ ಗಾಳಿ ಊದೋದು ಬ್ಲೋವರ್. ಗಾಳಿ ನಿಂತರೆ ಅವು ಸಾಯ್ತವೆ, ಟ್ಯಾಂಕಿನಲ್ಲಿ ಉಳಿಯೋದು ಬರೀ ಕೊಳಚೆ. ರಿಪೇರಿಗೆ ಮೂರು ವಾರ ಬೇಕಿತ್ತು. ಅಲ್ಲಿವರೆಗೆ ಟ್ಯಾಂಕರ್ ತರಿಸಿ ಸಾಗಿಸೋಕೆ ದುಡ್ಡು ಜಾಸ್ತಿ. "ಸಾರ್, ರಾತ್ರಿ ಹೊತ್ತು ಕಾಲುವೆಗೆ ಬಿಟ್ಬಿಡೋಣ. ಮಳೆ ನೀರಲ್ಲಿ ಯಾರಿಗೂ ಗೊತ್ತಾಗಲ್ಲ" ಅಂದ ನೋಡ್ಕೊಳ್ಳುವ ಹುಡುಗ. ಮೀಟಿಂಗಿನಲ್ಲಿ ಯಾರೂ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಮುಂದಿನ ವಿಷಯಕ್ಕೆ ಹೋದೆವು: ಪಾರ್ಕಿಂಗ್. ಮೂರು ವಾರ ಬಿಟ್ಟರು. ನನಗೆ ಗೊತ್ತಿತ್ತು.

ಆಮೇಲೊಂದು ರಾತ್ರಿ ಮ್ಯಾಪ್ ತೆಗೆದು ಬೆರಳಾಡಿಸಿದೆ. ನಮ್ಮ ಕಾಲುವೆ ಒಂದು ಕೆರೆಗೆ, ಆ ಕೆರೆಯ ಕೋಡಿ ಇನ್ನೊಂದಕ್ಕೆ, ಹಾಗೇ ದಕ್ಷಿಣ ಪಿನಾಕಿನಿಗೆ. ಅದು ಹೊಸಕೋಟೆ ದಾಟಿ ಗಡಿಯಾಚೆ ಹೊಸೂರಿನ ಕೆಲವರಪಳ್ಳಿ ಜಲಾಶಯಕ್ಕೆ ಹೋಗುತ್ತೆ. ಆ ಜಲಾಶಯದ ನೊರೆಯ ಫೋಟೋಗಳನ್ನ ನೀವೂ ನೋಡಿರ್ತೀರಿ. ಅರ್ಕಾವತಿ, ದಕ್ಷಿಣ ಪಿನಾಕಿನಿ ಎರಡೂ ಹುಟ್ಟೋದು ನಂದಿ ಬೆಟ್ಟದ ಸೀಮೆಯಲ್ಲೇ. ಒಂದರ ದಂಡೆಯಲ್ಲಿ ನಾನು ಅನ್ಯಾಯಕ್ಕೆ ಒಳಗಾದವರ ಮಗ. ಇನ್ನೊಂದರ ದಂಡೆಯಲ್ಲಿ ನಾನೇ ಬಾಶೆಟ್ಟಿಹಳ್ಳಿ.

ನೆಪಗಳು ಇದ್ದವು. ಮೊದಲನೇದು: ನಮ್ಮದೆಷ್ಟು ಮಹಾ? ಆದರೆ ಕೆಳಗಿನ ಕೆರೆಗೆ ಬರೋದು ಒಬ್ಬೊಬ್ಬರ ಪಾಲು ಲೆಕ್ಕ ಹಾಕ್ಕೊಂಡು ಅಲ್ಲ, ಒಟ್ಟಿಗೆ. ಎರಡನೇದು: ಕಾಲ ಕೆಟ್ಟಿದೆ, ಹವಾಮಾನ ಬದಲಾಗಿದೆ. ಬದಲಾಗಿರೋದು ನಿಜವೇ. ಆದರೆ ಅರ್ಕಾವತಿ ಯಾಕೆ ಬತ್ತಿತು ಅಂತ ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಹುಡುಕಿ 2015ರಲ್ಲಿ ಬರೆದರಲ್ಲ, ಅದರಲ್ಲಿ ಮಳೆ ಮುಖ್ಯ ಆರೋಪಿ ಆಗಲಿಲ್ಲ. ಬೋರ್‌ವೆಲ್‌ಗಳು, ನೀಲಗಿರಿ ತೋಪುಗಳು ಆದವು. ಆಕಾಶವನ್ನ ಬೈಯೋದು ಸುಲಭ, ಅದು ತಿರುಗಿ ಬೈಯಲ್ಲ.

ಮೂರನೇ ನೆಪ ಸ್ವಲ್ಪ ಗಟ್ಟಿ. ದೊಡ್ಡ ಕಾರ್ಖಾನೆಗಳನ್ನ, ನಗರಸಭೆಗಳನ್ನ ಬಿಟ್ಟು ನಮ್ಮಂಥವರು ಎದೆ ಬಡ್ಕೊಂಡರೆ ಏನು ಬಂತು? ಇದು ಸರ್ಕಾರದ ಕೆಲಸ, 1974ರಿಂದ ಕಾನೂನೇ ಇದೆ. ಒಪ್ಪಿದೆ. ನನ್ನ ಪಶ್ಚಾತ್ತಾಪದಿಂದ ದೊಡ್ಡತುಮಕೂರು ಕೆರೆ ತಿಳಿಯಾಗಲ್ಲ. ಅಲ್ಲಿ ಬೇಕಿರೋದು ಶುದ್ಧೀಕರಣ ಘಟಕ. ಆದರೆ ಕಾರ್ಖಾನೆ ಅಂದರೇನು? ಅಲ್ಲೂ ಒಂದು ಮೀಟಿಂಗ್ ರೂಮಿದೆ, ಅಲ್ಲೂ ನನ್ನ ವಯಸ್ಸಿನ ಇಂಜಿನಿಯರ್ ಒಬ್ಬ, ಅಕೌಂಟೆಂಟ್ ಒಬ್ಬಳು ಕೂತಿರ್ತಾರೆ. ರಾತ್ರಿ ಹೊತ್ತು ಪ್ರತಿ ಪೈಪಿನ ಮುಂದೆ ಮಂಡಳಿಯ ಅಧಿಕಾರಿ ಟಾರ್ಚ್ ಹಿಡಿದು ನಿಲ್ಲೋಕಾಗಲ್ಲ. ಪೈಪಿಗೆ ಹತ್ತಿರ ಇರೋರು ನಾವು. ಗೊತ್ತಿದ್ದೂ "ಮುಂದಿನ ವಿಷಯ" ಅನ್ನೋರು ನಾವು. ಕೆಟ್ಟವರಾಗಿ ಅಲ್ಲ, ಮೀಟಿಂಗ್ ಬೇಗ ಮುಗೀಲಿ ಅಂತ.

ನಮ್ಮ ಮೇಲಿನ ಫ್ಲ್ಯಾಟಿನಿಂದ ನೀರು ಸೋರಿದರೆ ಐದೇ ನಿಮಿಷಕ್ಕೆ ಹೋಗಿ ಬಾಗಿಲು ಬಡೀತೀವಿ. ಹೊಸಕೋಟೆಯ ಆಚೆಯವರು ನಮ್ಮ ಬಾಗಿಲು ಬಡಿಯೋಕಾಗಲ್ಲ. ನೈತಿಕತೆ ಶುರುವಾಗೋದು ಅಲ್ಲಿಂದ ಅಂತ ನನಗನಿಸುತ್ತೆ: ಬಾಗಿಲು ಬಡಿಯೋಕೆ ಬರಲಾಗದವರ ಪರವಾಗಿ ಒಳಗಿರೋ ಒಬ್ಬರಾದರೂ ಎದ್ದು ಮಾತಾಡಬೇಕು.

ಮುಂದಿನ ಸಭೆಯಲ್ಲಿ ಎದ್ದು ನಿಂತು ನಾವು ಮಾಡಿದ್ದನ್ನ ಹೇಳಿದೆ. ನಾನೂ ಸುಮ್ಮನಿದ್ದೆ ಅಂತಲೂ ಹೇಳಿದೆ. ಈಗ ಒಂದು ಬ್ಲೋವರ್ ಸ್ಪೇರ್ ಇದೆ, ನೀರಿನ ಪರೀಕ್ಷೆಯ ವರದಿ ಪ್ರತಿ ತಿಂಗಳು ಲಿಫ್ಟ್ ಪಕ್ಕ ಅಂಟಿಸ್ತಾರೆ, ಮೆಂಟೆನೆನ್ಸ್ ಏರಿದೆ. ಇಬ್ಬರು ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ದೊಡ್ಡಮ್ಮನಿಗೂ ಹೇಳಿದೆ. ಬೈತಾಳೆ ಅಂದ್ಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ಕೆಳಗೂ ಯಾರಾನಾ ಇರ್ತಾರೆ ಅಂತ ನಿಂಗೆ ಗೊತ್ತಿರ್ಲಿಲ್ವಾ?" ಅಂತ ಕೇಳಿದಳು. ನಿಜವಾಗಲೂ ತಿಳ್ಕೊಳ್ಳೋಕೆ ಕೇಳಿದ ಹಾಗಿತ್ತು. ನಾನು ಗೊತ್ತಿತ್ತು ಅಂದೆ. ಅವಳು ಕ್ಯಾನ್ ಬಗ್ಗಿಸಿ ಒಂದು ಲೋಟ ನೀರು ಕೊಟ್ಟಳು.