ದ್ವಾರಪಾಲಕನ ಧರ್ಮ

ನಮ್ಮೂರ ಮಲ್ಲಿಕಾರ್ಜುನ ದೇವರ ಗುಡಿಯ ಜೀರ್ಣೋದ್ಧಾರ ಕಾರ್ಯವು ದೈವಕೃಪೆಯಿಂದಲೂ ಮಹಾಜನರ ಔದಾರ್ಯದಿಂದಲೂ ಕೊನೆಗಾಣುತ್ತಲಿದೆ. ಗರ್ಭಗುಡಿಯ ಕೆಲಸ ಮುಗಿದು ಮಹಾದ್ವಾರವೊಂದು ಬಾಕಿ ಉಳಿದಿದೆ. ಈ ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆಯಬೇಕೆಂದು ಸಮಿತಿಯ ಹಿರಿಯರು ಅಪ್ಪಣೆ ಮಾಡಿದಾಗ ನಾನು ಹಿಂಜರಿದೆನು. ಶಾಸ್ತ್ರ ಬಲ್ಲವನು ನಾನಲ್ಲ. ಕನ್ನಡ ಶಾಲೆಯಲ್ಲಿ ಕಲಿತು, ಮರಾಠಿಯಲ್ಲಿ ದಫ್ತರ ಬರೆದು ಹೊಟ್ಟೆ ಹೊರೆಯುವ ಅಕ್ಕಲಕೋಟೆ ಸೀಮೆಯ ಒಬ್ಬ ತಲಾಠಿ. ಆದರೂ ಬಾಗಿಲಿನ ವಿಷಯದಲ್ಲಿ ನನಗೆ ಹೇಳುವುದೊಂದು ಉಂಟು. ಬಾಗಿಲು ಕಾಯುವವನ ಹೊಣೆ ಎಲ್ಲಿಯವರೆಗೆ? ತಾನು ಕೈಯಾರೆ ಮಾಡದ, ಆದರೆ ತನ್ನ ಕಣ್ಣೆದುರಿಗೆ ಹಾದುಹೋಗಗೊಟ್ಟ ಅನ್ಯಾಯಕ್ಕೆ ಅವನು ಬಾಧ್ಯನೆ? ಇದೇ ಇಲ್ಲಿಯ ಪ್ರಶ್ನೆ.

ಎರಡು ವರ್ಷಗಳ ಕೆಳಗೆ ಮಗಳನ್ನು ಕಾಲೇಜಿಗೆ ಸೇರಿಸಲು ಪುಣೆಗೆ ಹೋದಾಗ ಶನಿವಾರವಾಡೆಯನ್ನು ನೋಡಿದೆನು. ಪೇಶ್ವೆಯವರು ಹೆಸರಿಗೆ ಛತ್ರಪತಿಗಳ ಪ್ರಧಾನರು. ನಿಜವಾದ ರಾಜ್ಯಭಾರ ನಡೆದುದು ಈ ಅರಮನೆಯಿಂದಲೇ. ಒಂದನೆಯ ಬಾಜೀರಾಯರು 1730ರ ಜನವರಿ 10, ಶನಿವಾರದಂದು ಇದಕ್ಕೆ ಅಸ್ತಿಭಾರ ಹಾಕಿಸಿದರು. 1732ರ ಜನವರಿ 22ರಂದು, ಅದೂ ಶನಿವಾರವೇ, ವಾಸ್ತುಶಾಂತಿಯಾಯಿತು. ತಗುಲಿದ ವೆಚ್ಚ 16,110 ರೂಪಾಯಿ ಎಂದು ಹೇಳುತ್ತಾರೆ. ಲೆಕ್ಕ ಬರೆಯುವವನಾದ ನನಗೆ ಕೊನೆಯ ಆ ಹತ್ತು ರೂಪಾಯಿಯೇ ಮನಸ್ಸಿನಲ್ಲಿ ನಿಂತಿತು. ಯಾವನೋ ಗುಮಾಸ್ತನು ಅದನ್ನು ಬಿಡದೆ ಬರೆದಿಟ್ಟಿದ್ದಾನೆ.

1828ರ ಫೆಬ್ರವರಿ 27ರಂದು ಒಳಗೆ ಬೆಂಕಿ ಹೊತ್ತಿಕೊಂಡಿತು. ಸಾಗವಾನಿಯ ಕಂಬ ತೊಲೆಗಳ ಆ ಸೌಧವು ಏಳು ದಿನ ಉರಿದು ಬೂದಿಯಾಯಿತು. ಉಳಿದುದು ತಳಪಾಯ, ಕೋಟೆಗೋಡೆ ಮತ್ತು ಬಾಗಿಲುಗಳು. ಐದು ಬಾಗಿಲುಗಳಲ್ಲಿ ಹಿರಿದಾದುದು ಉತ್ತರಕ್ಕೆ ಮುಖಮಾಡಿದ ದಿಲ್ಲಿ ದರವಾಜೆ. ಅದರ ನೆತ್ತಿಯ ಮೇಲೆ ನಗಾರಖಾನೆ. ಕೆಳಗೆ ಅಂಬಾರಿಸಹಿತ ಆನೆ ಹೋಗುವಷ್ಟು ಎತ್ತರದ ಕದಗಳು. ಶತ್ರುವಿನ ಆನೆ ಹಣೆಯಿಟ್ಟು ದೂಡಬಾರದೆಂದು ಆ ಮಟ್ಟಕ್ಕೆ ಚೂಪಾದ ಉಕ್ಕಿನ ಮೊಳೆಗಳನ್ನು ಸಾಲಾಗಿ ಜಡಿದಿದ್ದಾರೆ. ಒಂದು ಕದದಲ್ಲಿ ಒಬ್ಬೊಬ್ಬರೇ ತಲೆಬಾಗಿ ನುಸುಳತಕ್ಕ ದಿಂಡಿಬಾಗಿಲು. ಒಳಗಿನ ದಾರಿಯೂ ನೇರವಾಗಿಲ್ಲ. ನುಗ್ಗಿ ಬಂದವರ ವೇಗ ಮುರಿಯುವಂತೆ ಬಲಕ್ಕೊಮ್ಮೆ ಎಡಕ್ಕೊಮ್ಮೆ ತಿರುಗುತ್ತದೆ. ಇಷ್ಟೆಲ್ಲ ದಾಟಿ ಹೋದರೆ ಕಾಣುವುದೇನು? ಹುಲ್ಲುಹಾಸು, ಬತ್ತಿದ ಕಾರಂಜಿಯ ಕುಂಡ, ಬಿಸಿಲು. ಕಾಯಬೇಕಾದುದು ಇಲ್ಲ, ಕಾಯುವ ಬಾಗಿಲು ಮಾತ್ರ ಇದೆ.

ಹಾಗಾದರೆ ಬಾಗಿಲು ತನ್ನ ಕರ್ತವ್ಯದಲ್ಲಿ ತಪ್ಪಿತೆ? ಇಲ್ಲ. ಆ ಮನೆಯ ದೊಡ್ಡ ಕೇಡು ಆನೆಯ ಮೇಲೇರಿ ಬರಲಿಲ್ಲ. 1773ರ ಆಗಸ್ಟ್ 30ರಂದು, ಗಣೇಶೋತ್ಸವದ ಕಾಲದಲ್ಲಿ, ಹದಿನೆಂಟು ವರ್ಷದ ಪೇಶ್ವೆ ನಾರಾಯಣರಾಯರನ್ನು ಅರಮನೆಯ ಒಳಗೇ ಕಡಿದು ಕೊಂದರು. ಕೊಂದವರು ಆ ಮನೆಯ ಸಂಬಳ ತಿನ್ನುತ್ತಿದ್ದ ಗಾರದಿ ಸಿಪಾಯಿಗಳು. ಹಿಂದೆ ನಿಂತವರು ಸ್ವಂತ ಚಿಕ್ಕಪ್ಪ ರಘುನಾಥರಾಯರು. ಅವರ ಆಜ್ಞಾಪತ್ರದಲ್ಲಿ ಹಿಡಿಯಬೇಕೆಂಬ ಅರ್ಥದ ‘ಧರಾವೇ’ ಎಂದು ಇದ್ದುದನ್ನು ಪತ್ನಿ ಆನಂದೀಬಾಯಿಯವರು ಒಂದಕ್ಷರ ತಿದ್ದಿ, ಕೊಲ್ಲಬೇಕೆಂಬ ಅರ್ಥದ ‘ಮಾರಾವೇ’ ಮಾಡಿದರೆಂಬ ಕಥೆ ಜನಜನಿತವಾಗಿದೆ. ಬರಹವನ್ನು ತಿರುಚುವುದಕ್ಕೆ ‘ಧ’ದ ‘ಮಾ’ ಮಾಡುವುದೆಂದು ಮರಾಠಿಯಲ್ಲಿ ಇಂದಿಗೂ ಹೇಳುತ್ತಾರೆ. ಕಥೆ ಹೇಗೇ ಹುಟ್ಟಿರಲಿ, ಜನ ಅದನ್ನು ಮರೆಯದಿರುವುದಕ್ಕೆ ಕಾರಣವುಂಟು. ಉಕ್ಕಿನ ಮೊಳೆಗೆ ತಡೆಯಲಾಗದುದು ಲೇಖನಿಯ ಮೊನೆಯಿಂದ ಒಳಹೊಗುವುದೆಂಬುದನ್ನು ಅವರು ಕಂಡುಂಡು ಬಲ್ಲರು. ಮುಂದೆ ನ್ಯಾಯಾಧೀಶರಾದ ರಾಮಶಾಸ್ತ್ರಿ ಪ್ರಭುಣೆಯವರು ವಿಚಾರಣೆ ನಡೆಸಿ, ಅಧಿಕಾರದಲ್ಲಿದ್ದ ರಘುನಾಥರಾಯರೇ ಅಪರಾಧಿಗಳೆಂದು ನಿರ್ಣಯಿಸಿ, ಪುಣೆಯನ್ನೇ ತೊರೆದು ಹೋದರು. ಕತ್ತಿ ಹಿಡಿದ ಕೈಯಲ್ಲಿಗೇ ಅವರ ದೃಷ್ಟಿ ನಿಲ್ಲಲಿಲ್ಲ.

ಆ ದರವಾಜೆಯ ನೆರಳಿನಲ್ಲಿ ಕುಳಿತು ‘ನಾನಂತೂ ಯಾವ ಅಕ್ಷರವನ್ನೂ ತಿದ್ದಿದವನಲ್ಲ’ ಎಂದುಕೊಂಡೆನು. ಅದು ನಿಜ. ಆದರೆ ಬರೆಯದೆಯೂ ತಪ್ಪಬಹುದೆಂಬುದು ಒಡನೆಯೇ ನೆನಪಾಯಿತು.

ನೌಕರಿಗೆ ಸೇರಿದ ಮೂರನೆಯ ವರ್ಷ ನಾನು ಬೇರೊಂದು ಊರಿನಲ್ಲಿದ್ದಾಗ ಅಲ್ಲಿಯ ರೈತನೊಬ್ಬನು ತೀರಿಕೊಂಡನು. ಇಬ್ಬರು ಗಂಡುಮಕ್ಕಳು ವಾರಸಾ ಅರ್ಜಿ ತಂದರು. ಅದರಲ್ಲಿ ಅವರಿಬ್ಬರದೇ ಹೆಸರು. ಅವರಿಗೊಬ್ಬ ತಂಗಿಯುಂಟೆಂಬುದು ನನಗೆ ತಿಳಿದಿತ್ತು; ಆಕೆಯ ಮದುವೆಯ ಊಟ ಉಂಡವನು ನಾನು. ಕೇಳಿದರೆ “ಆಕಿ ಹಕ್ಕು ಬಿಟ್ಟಾಳ್ರಿ” ಎಂದರು. ಬಿಟ್ಟ ಪತ್ರವೆಲ್ಲಿ ಎಂದು ಕೇಳಬೇಕಾಗಿತ್ತು, ಕೇಳಲಿಲ್ಲ. ತಂದೆ ಬಿಟ್ಟುಹೋದ ಆಸ್ತಿಗೆ ಮಗಳೂ ವಾರಸುದಾರಳೆಂದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಹೇಳುವುದನ್ನು ನಾನು ಅರಿಯದವನಲ್ಲ. ಫೇರಫಾರ ಪುಸ್ತಕದಲ್ಲಿ ಎರಡೇ ಹೆಸರು ಬರೆದು ಚಾವಡಿಗೆ ನೋಟೀಸು ಅಂಟಿಸಿದೆನು. ಹದಿನೈದು ದಿನ ಯಾರೂ ತಕರಾರು ತರಲಿಲ್ಲ. ಪರವೂರಿನಲ್ಲಿ ಬಾಳುತ್ತಿದ್ದ ಆಕೆಗೆ ಈ ಚಾವಡಿಯ ಗೋಡೆ ಕಾಣುವುದೆಂತು? ಮೇಲಿನವರ ಸಹಿಯಾಯಿತು. ನಾನು ಹಣ ಮುಟ್ಟಿರಲಿಲ್ಲ. ಅಷ್ಟರಿಂದಲೇ ನನ್ನ ಕೈ ಶುದ್ಧವೆಂದು ನಂಬಿದ್ದೆನು.

ಆರು ವರ್ಷಗಳ ಮೇಲೆ ಆಕೆ ಗಂಡನನ್ನು ಕಳೆದುಕೊಂಡು, ಕೈಗೂಸಿನೊಡನೆ ತವರಿಗೆ ಮರಳಿದಳು. ಅಷ್ಟರಲ್ಲಿ ನನಗೆ ವರ್ಗವಾಗಿತ್ತು. ಹುಡುಕಿಕೊಂಡು ಬಂದು, ಸಾತ್‌ಬಾರಾ ಉತಾರೆಯನ್ನು ನನ್ನ ಕೈಗಿತ್ತು, “ನನ್ನ ಹೆಸರು ಎಲ್ಲೈತಿ, ಓದ್ರಿ” ಎಂದಳು. ನಾನು ಸುಮ್ಮನೆ ಕುಳಿತೆನು. “ಹಂಗಾರ ನಾ ನಮ್ಮಪ್ಪನ ಮಗಳಲ್ಲೇನ್ರಿ?” ಎಂದಳು. ಬೈಯಲಿಲ್ಲ, ಅಳಲೂ ಇಲ್ಲ. ಆ ಪ್ರಶ್ನೆಗೆ ಉತ್ತರ ನನ್ನ ಯಾವ ದಫ್ತರದಲ್ಲಿಯೂ ಇರಲಿಲ್ಲ.

ನನ್ನ ತಪ್ಪನ್ನು ನಾನೇ ಬರೆದು ಮೇಲಿನವರಿಗೆ ವರದಿ ಒಪ್ಪಿಸಿದೆನು. ತಾಕೀತು ಬಂದಿತು, ಅದು ನ್ಯಾಯವೇ. ಆಕೆಯ ಅಪೀಲು ಎರಡು ವರ್ಷ ನಡೆದು ಹೆಸರು ಸೇರಿತು. ಆದರೆ ಆ ವೇಳೆಗೆ ಬಾವಿಯಿದ್ದ ಹೊಲವು ಮಾರಾಟವಾಗಿ ಹೋಗಿತ್ತು. ಆಕೆಯ ಪಾಲಿಗೆ ಬಂದುದು ಮಡ್ಡಿ ನೆಲ. ಬರೆದುದನ್ನು ತಿದ್ದಬಹುದು, ಕಳೆದ ವರ್ಷಗಳನ್ನು ತಿದ್ದುವ ಪುಸ್ತಕವಿಲ್ಲ.

ಸಣ್ಣ ನೌಕರನ ಮೇಲೆ ಇಷ್ಟು ಹೊಣೆ ಹೊರಿಸುವುದು ಸರಿಯೆ, ದೊಡ್ಡ ತಪ್ಪು ಅಣ್ಣಂದಿರದಲ್ಲವೆ ಎಂದು ಯಾರಾದರೂ ಕೇಳಬಹುದು. ಹೊಣೆಯಲ್ಲಿ ತರತಮವುಂಟು, ಒಪ್ಪುತ್ತೇನೆ. ಆದರೆ ಒಬ್ಬನ ಬಾಕಿ ದೊಡ್ಡದೆಂದು ಇನ್ನೊಬ್ಬನ ಬಾಕಿ ವಜಾ ಆಗುವುದನ್ನು ನಾನು ಯಾವ ಲೆಕ್ಕದಲ್ಲಿಯೂ ಕಂಡಿಲ್ಲ. ವೈಕುಂಠದ ದ್ವಾರಪಾಲಕರಾದ ಜಯವಿಜಯರು ಶಾಪಕ್ಕೆ ಗುರಿಯಾದ ಕಥೆ ಭಾಗವತದಲ್ಲಿದೆ. ಅವರೇನು ಕಳ್ಳರನ್ನು ಒಳಗೆ ಬಿಟ್ಟರೆ? ಇಲ್ಲ, ಒಳಗೆ ಬರತಕ್ಕ ಸನಕಾದಿ ಮುನಿಗಳನ್ನು ಹೊರಗೆ ತಡೆದರು. ಬರಬಾರದುದನ್ನು ಬಿಡುವುದು ಹೇಗೋ, ಬರಬೇಕಾದವರನ್ನು ತಡೆಯುವುದೂ ಹಾಗೆಯೇ ದ್ರೋಹ. ತೆರೆಯುವುದೂ ಮುಚ್ಚುವುದೂ ತನ್ನ ಕೈಯಲ್ಲಿದ್ದವನು ‘ನಾನು ಏನೂ ಮಾಡಲಿಲ್ಲ’ ಎಂದು ಪಾರಾಗಲಾರನು. ಏನೂ ಮಾಡದಿರುವುದೇ ಅವನ ಕಾರ್ಯವಾಗಿಬಿಡುತ್ತದೆ.

ಈಗ ನಮ್ಮ ಗುಡಿಯ ಮಹಾದ್ವಾರವು ಏಳುತ್ತಲಿದೆ. ಕಲ್ಲು ಗಟ್ಟಿಯಾಗಿದೆ, ನಮ್ಮ ಮೊಮ್ಮಕ್ಕಳ ಕಾಲಕ್ಕೂ ನಿಂತೀತು. ಆದರೆ ಬಾಗಿಲು ನಿಂತ ಮಾತ್ರಕ್ಕೆ ಒಳಗಿನದು ನಿಲ್ಲುವುದಿಲ್ಲವೆಂಬುದನ್ನು ಪುಣೆಯಲ್ಲಿ ಕಂಡುಬಂದಿದ್ದೇನೆ. ದಾನಿಗಳ ಹೆಸರನ್ನು ದ್ವಾರದ ಬಲಗಡೆಯ ಕಲ್ಲಿನಲ್ಲಿ ಕೆತ್ತಿಸುವುದೆಂದು ಸಮಿತಿ ನಿಶ್ಚಯಿಸಿದೆ. ಪಟ್ಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಸಾವಿರ ಕೊಟ್ಟವರ ಹೆಸರು ತಾನಾಗಿಯೇ ನೆನಪಿರುತ್ತದೆ. ಒಂದು ಸೇರು ಜೋಳ ಕೊಟ್ಟ ಮುದುಕಿಯ ಹೆಸರು, ಒಂದು ದಿನ ಕಲ್ಲು ಹೊತ್ತ ಹುಡುಗನ ಹೆಸರು ಬಿಟ್ಟುಹೋಗುವ ಭಯ ನನಗಿದೆ. ಆದಕಾರಣ ಆ ಪಟ್ಟಿಯನ್ನು ಕಳಸಾರೋಹಣದ ದಿನದವರೆಗೆ ಗುಡಿಯ ಕಟ್ಟೆಯ ಮೇಲೆ ತೆರೆದಿಟ್ಟಿರುತ್ತೇನೆ. ಓದಬಲ್ಲವರು ಓದಿ, ಓದಲಾರದವರಿಗೆ ಓದಿ ಹೇಳಬೇಕು. ಯಾರದಾದರೂ ಹೆಸರು ಕಾಣದಿದ್ದರೆ ಸಂಕೋಚವಿಲ್ಲದೆ ಬಂದು ಕೇಳಬೇಕೆಂದು ಕೈಮುಗಿದು ಬೇಡಿಕೊಳ್ಳುತ್ತೇನೆ. ಕಲ್ಲಿನಲ್ಲಿ ಕೆತ್ತುವುದಕ್ಕೆ ಇನ್ನೂ ಅವಕಾಶವಿದೆ.