ಎರಡು ಕಾಲೇಜುಗಳ ನಡುವೆ ನಿಂತಾಗ

ಸರ್ವಸ್ತುತಿಯೂ ಅಲ್ಲಾಹನಿಗೆ ಮೀಸಲು. ಅವನ ಅಂತಿಮ ಪ್ರವಾದಿಯ ಮೇಲೆ ಶಾಂತಿ ಮತ್ತು ಅನುಗ್ರಹಗಳಿರಲಿ.



ನೀಟ್ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ನಮ್ಮ ಅನೇಕ ಮನೆಗಳಲ್ಲಿ ರಾತ್ರಿಯೂಟದ ಹೊತ್ತಿಗೆ ಒಂದೇ ಮಾತು. ಮಗಳಿಗೆ ಎಂಬಿಬಿಎಸ್ ಸಿಗುವಷ್ಟು ರ‍್ಯಾಂಕ್ ಬಂದಿಲ್ಲ, ದಂತ ವೈದ್ಯಕೀಯದ ಬಿಡಿಎಸ್ ಸಿಗಬಹುದು. ಆದರೆ ಎಲ್ಲಿ? ಒಂದು ಕಡೆ ಬೆಂಗಳೂರಿನ ಸರಕಾರಿ ದಂತ ಕಾಲೇಜು. ಶುಲ್ಕ ಕಡಿಮೆ, ಊರು ದೂರ, ಹಾಸ್ಟೆಲ್ ವಾಸ. ಇನ್ನೊಂದು ಕಡೆ ಮನೆಗೆ ಹತ್ತಿರದ ಖಾಸಗಿ ಕಾಲೇಜು. ಕಟ್ಟಡ ಚೆನ್ನಾಗಿದೆ, ಸಂಜೆಗೆ ಮಗಳು ಮನೆ ಸೇರುತ್ತಾಳೆ, ಆದರೆ ಶುಲ್ಕ ತಂದೆಯ ಸಂಪಾದನೆಯನ್ನು ಮೀರಿದ್ದು. ಕರ್ನಾಟಕ ಪರೀಕ್ಷಾ ಪ್ರಾಧಿಕಾರಕ್ಕೆ ಕೊಡುವ ಆಯ್ಕೆ ಪಟ್ಟಿಯಲ್ಲಿ ಯಾವುದನ್ನು ಮೊದಲು ಬರೆಯುವುದು? ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡಿ, ರ‍್ಯಾಂಕಿಗೆ ದಕ್ಕುವ ಮೊದಲ ಸೀಟನ್ನೇ ಕೊಡುವುದರಿಂದ ಈ ಕ್ರಮ ಸಣ್ಣ ವಿಷಯವಲ್ಲ. ಉಳಿದಿರುವುದು ನಾಲ್ಕೈದು ದಿನ ಮಾತ್ರ.

ಆಗ ತಂದೆ ಇಶಾ ನಮಾಝಿನ ಬಳಿಕ ಮಸೀದಿಯ ಉಸ್ತಾದರ ಬಳಿ ಬರುತ್ತಾನೆ. "ಉಸ್ತಾದರೇ, ಒಂದು ಇಸ್ತಿಖಾರ ಮಾಡಿ ನೋಡಿ ಹೇಳಿ. ಯಾವ ಕಾಲೇಜು ನಮ್ಮ ಹುಡುಗಿಗೆ ಒಳ್ಳೆಯದು?"

ಈ ಪ್ರಶ್ನೆಯಲ್ಲಿ ಭಕ್ತಿ ಇದೆ, ನಿಜ. ಜೊತೆಗೆ ಒಂದು ತಪ್ಪು ತಿಳುವಳಿಕೆಯೂ ಇದೆ. ತಾನು ಮಾಡಬೇಕಾದ ಕೆಲಸವನ್ನು ಇನ್ನೊಬ್ಬರ ಕನಸಿಗೆ ಒಪ್ಪಿಸಿ ಹಗುರಾಗುವ ಆಸೆ ಅದು. ಇಸ್ಲಾಮ್ ಈ ಬಗ್ಗೆ ಕಲಿಸಿದ್ದೇನು ಎಂಬುದನ್ನು ನೋಡೋಣ.

ಕಣಿವೆಯ ಎರಡು ಪಕ್ಕಗಳು

ಹಿಜ್ರಿ 18ರ ಸುಮಾರಿಗೆ, ಅಂದರೆ ಕ್ರಿ.ಶ. 639ರ ಹೊತ್ತಿಗೆ, ಖಲೀಫಾ ಉಮರ್(ರ) ಸಿರಿಯಾದ ಕಡೆಗೆ ಪ್ರಯಾಣ ಹೊರಟಿದ್ದರು. ಸರ್ಗ್ ಎಂಬಲ್ಲಿಗೆ ತಲುಪಿದಾಗ, ಮುಂದಿನ ನಾಡಿನಲ್ಲಿ ಪ್ಲೇಗ್ ಹಬ್ಬಿದೆ ಎಂಬ ಸುದ್ದಿ ಬಂತು. ಮುಂದೆ ಹೋಗುವುದೇ, ಮದೀನಕ್ಕೆ ಮರಳುವುದೇ? ಅವರು ಮೊದಲು ಮುಹಾಜಿರರನ್ನು ಕರೆದು ಕೇಳಿದರು. ಅವರಲ್ಲಿ ಅಭಿಪ್ರಾಯಭೇದ ಉಂಟಾಯಿತು. ಅನ್ಸಾರರನ್ನು ಕೇಳಿದರು. ಅವರಲ್ಲೂ ಎರಡು ಅಭಿಪ್ರಾಯ. ಕೊನೆಗೆ ಕುರೈಶರ ಹಿರಿಯರನ್ನು ಕರೆದರು. ಅವರು ಒಕ್ಕೊರಲಿನಿಂದ ಮರಳುವುದೇ ಲೇಸೆಂದರು. ಉಮರ್(ರ) ಮರಳುವ ತೀರ್ಮಾನ ಮಾಡಿದರು.

ಅಬೂ ಉಬೈದಾ(ರ) ಅವರಿಗೆ ಇದು ಅಲ್ಲಾಹನ ವಿಧಿಯಿಂದ ಓಡಿಹೋದಂತೆ ಕಂಡಿತು. ಅದಕ್ಕೆ ಉಮರ್(ರ) ಕೊಟ್ಟ ಉತ್ತರದ ಸಾರ ಹೀಗಿದೆ: ನಾವು ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ. ನಿಮ್ಮ ಒಂಟೆಗಳೊಂದಿಗೆ ನೀವು ಒಂದು ಕಣಿವೆಗೆ ಇಳಿದಿರೆಂದು ಭಾವಿಸಿ. ಅದರ ಒಂದು ಪಕ್ಕ ಹಸಿರು, ಇನ್ನೊಂದು ಪಕ್ಕ ಬರಡು. ಹಸಿರಿನಲ್ಲಿ ಮೇಯಿಸಿದರೂ ಅಲ್ಲಾಹನ ವಿಧಿಯಂತೆಯೇ, ಬರಡಿನಲ್ಲಿ ಮೇಯಿಸಿದರೂ ಅಲ್ಲಾಹನ ವಿಧಿಯಂತೆಯೇ ಅಲ್ಲವೇ?

ಇಬ್ನು ಅಬ್ಬಾಸ್(ರ) ವರದಿ ಮಾಡಿದ ಈ ಘಟನೆಯನ್ನು ಇಮಾಮ್ ಬುಖಾರಿ ಮತ್ತು ಇಮಾಮ್ ಮುಸ್ಲಿಮ್ ದಾಖಲಿಸಿದ್ದಾರೆ. ಓದುಗರೇ, ಎರಡು ಕಾಲೇಜುಗಳ ಮುಂದೆ ನಿಂತ ತಂದೆ-ತಾಯಂದಿರಿಗೆ ಇದಕ್ಕಿಂತ ತಕ್ಕ ಉದಾಹರಣೆ ಬೇಕೇ? ಎರಡೂ ಪಕ್ಕಗಳು ಅಲ್ಲಾಹನವೇ. ಆದರೆ ಯಾವುದು ಹಸಿರು, ಯಾವುದು ಬರಡು ಎಂದು ನೋಡುವ ಕಣ್ಣನ್ನು ಅವನು ಕುರುಬನಿಗೆ ಕೊಟ್ಟಿದ್ದಾನೆ. ಕಣ್ಣು ಮುಚ್ಚಿಕೊಂಡು ಬರಡಿಗೆ ನುಗ್ಗಿ, ಬಳಿಕ ವಿಧಿಯನ್ನು ದೂರುವುದು ತವಕ್ಕುಲ್ ಅಲ್ಲ.

ಹಸಿರು ಯಾವುದೆಂದು ತಿಳಿಯುವುದು ಹೇಗೆ?

ನಾವು ಸಾಮಾನ್ಯವಾಗಿ ಹಸಿರೆಂದು ಭಾವಿಸುವುದು ಯಾವುದನ್ನು? ಕಾಲೇಜಿನ ಹೆಸರು, ಗಾಜಿನ ಕಟ್ಟಡ, ಮದುವೆ ಮಾತುಕತೆಯಲ್ಲಿ ಹೇಳಿಕೊಳ್ಳಲು ಸಿಗುವ ಪ್ರತಿಷ್ಠೆ. ಆದರೆ ವೈದ್ಯವೃತ್ತಿಯ ವಿಷಯದಲ್ಲಿ ಪ್ರವಾದಿವರ್ಯರು(ಸ) ಬೇರೊಂದು ಅಳತೆಗೋಲನ್ನು ಕೊಟ್ಟಿದ್ದಾರೆ. ವೈದ್ಯವಿದ್ಯೆ ಬಲ್ಲವನೆಂದು ಹೆಸರಾಗದವನು ಚಿಕಿತ್ಸೆ ಮಾಡಿದರೆ, ಅದರಿಂದಾಗುವ ಹಾನಿಗೆ ಅವನೇ ಹೊಣೆಗಾರ ಎಂದು ಅವರು ಕಲಿಸಿರುವುದಾಗಿ ಅಬೂದಾವೂದ್ ಮತ್ತು ಇಬ್ನುಮಾಜರ ಹದೀಸ್ ಗ್ರಂಥಗಳಲ್ಲಿದೆ. ಅಂದರೆ ರೋಗಿಯ ಬಾಯಿ ಒಂದು ಅಮಾನತ್. ಅದನ್ನು ಮುಟ್ಟುವ ಕೈ ಪಳಗಿರಬೇಕು. ಹಾಗಾದರೆ ಮಗಳ ಕೈ ಎಲ್ಲಿ ಚೆನ್ನಾಗಿ ಪಳಗುತ್ತದೆ ಎಂಬುದೇ ಮೊದಲ ಪ್ರಶ್ನೆ.

ಬಿಡಿಎಸ್ ಐದು ವರ್ಷಗಳ ವ್ಯಾಸಂಗ. ನಾಲ್ಕು ವರ್ಷ ಪಾಠ, ಒಂದು ವರ್ಷ ಕಡ್ಡಾಯ ಇಂಟರ್ನ್‌ಶಿಪ್. ಮೊದಲ ಎರಡು ವರ್ಷ ಮುಖ್ಯವಾಗಿ ಪುಸ್ತಕ, ಪ್ರಯೋಗಾಲಯ, ಮೇಣದಲ್ಲಿ ಹಲ್ಲು ಕೆತ್ತುವುದು, ಬೊಂಬೆಯ ಬಾಯಿಯಲ್ಲಿ ಹಲ್ಲು ತುಂಬುವ ಅಭ್ಯಾಸ. ಆಮೇಲಿನದು ಜೀವಂತ ರೋಗಿಯ ಬಾಯಿ. ಹಲ್ಲು ಕೀಳುವುದು, ಬೇರಿನ ಚಿಕಿತ್ಸೆ, ದಂತಪಂಕ್ತಿ ಕೂರಿಸುವುದು, ಅಳುವ ಮಗುವನ್ನು ಕುರ್ಚಿಯಲ್ಲಿ ಸಮಾಧಾನಪಡಿಸುವುದು, ಎಲೆ-ಅಡಿಕೆ, ಹೊಗೆಸೊಪ್ಪು, ಗುಟ್ಕಾ ಜಗಿದ ಬಾಯಿಯೊಳಗಿನ ಬಿಳಿಕಲೆಯನ್ನು ಹೊತ್ತಿಗೆ ಮುಂಚೆ ಗುರುತಿಸುವುದು, ಇವೆಲ್ಲ ರೋಗಿಗಳಿಲ್ಲದ ಕಡೆ ಕಲಿಯುವ ವಿದ್ಯೆಗಳಲ್ಲ.

ಆದ್ದರಿಂದ ಎರಡೂ ಕಾಲೇಜುಗಳಿಗೆ ವಾರದ ನಡುವಿನ ಒಂದು ದಿನ ಬೆಳಿಗ್ಗೆ ಹೋಗಿ. ಸ್ವಾಗತ ಕೊಠಡಿಯಲ್ಲಿ ಕೂರಬೇಡಿ. ಹೊರರೋಗಿ ವಿಭಾಗದ ಬೆಂಚಿನ ಮೇಲೆ ಒಂದು ಗಂಟೆ ಕುಳಿತುಕೊಳ್ಳಿ. ಎಷ್ಟು ರೋಗಿಗಳು ಬರುತ್ತಾರೆ? ಎಷ್ಟು ಕುರ್ಚಿಗಳು ಖಾಲಿ ಇವೆ? ಕೊನೆಯ ವರ್ಷದ ವಿದ್ಯಾರ್ಥಿನಿಯರನ್ನು, ಇಂಟರ್ನ್‌ಗಳನ್ನು ಕೇಳಿ: ಚಿಕಿತ್ಸೆಯನ್ನು ನಿಮ್ಮ ಕೈಯಾರೆ ಮಾಡಲು ಬಿಡುತ್ತಾರೆಯೇ? ಅಧ್ಯಾಪಕರು ಪಕ್ಕದಲ್ಲಿ ನಿಂತು ತಿದ್ದುತ್ತಾರೆಯೇ? ನಮಾಝಿಗೆ ಅವಕಾಶ, ಊಟ, ಹಾಸ್ಟೆಲಿನ ಭದ್ರತೆ ಹೇಗೆ? ಆ ವರ್ಷದ ಸೀಟುಗಳಿಗೆ ದಂತ ಶಿಕ್ಷಣದ ರಾಷ್ಟ್ರೀಯ ನಿಯಂತ್ರಣ ಸಂಸ್ಥೆಯ ಮಾನ್ಯತೆ ಇದೆಯೇ ಎಂಬುದನ್ನು ಕಾಗದದಲ್ಲೇ ನೋಡಿ. ಮಾನ್ಯತೆ ಇಲ್ಲದ ಪದವಿಯಿಂದ ರಾಜ್ಯ ದಂತ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಲಾಗದು. ನೋಂದಣಿ ಇಲ್ಲದೆ ವೃತ್ತಿ ಮಾಡುವಂತಿಲ್ಲ.

ಯಾರ ಸಲಹೆ ಕೇಳುತ್ತೇವೆ ಎಂಬುದೂ ಮುಖ್ಯ. ಸಲಹೆ ಕೇಳಲ್ಪಟ್ಟವನು ವಿಶ್ವಸ್ತನಾಗಿರಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಸೀಟು ಮಾಡಿಸಿಕೊಟ್ಟು ಕಮಿಷನ್ ಪಡೆಯುವ ಏಜೆಂಟನ ಮಾತು ವ್ಯಾಪಾರ, ಸಲಹೆಯಲ್ಲ.

ಹಣದ ಪ್ರಶ್ನೆ

ಈಗ ಕಹಿಯಾದ ಮಾತಿಗೆ ಬರೋಣ. ಖಾಸಗಿ ಕಾಲೇಜಿನ ಶುಲ್ಕ ಹೊಂದಿಸಲು ಬಡ್ಡಿ ಸಾಲ ತೆಗೆಯಬಹುದೇ ಎಂದು ಅನೇಕರು ಕೇಳುತ್ತಾರೆ. ಬಡ್ಡಿಯ ಬಗ್ಗೆ ಅಲ್‌ಬಕರ ಅಧ್ಯಾಯದಲ್ಲಿರುವ ಎಚ್ಚರಿಕೆ ಎಷ್ಟು ಕಠಿಣವೆಂಬುದು ನಿಮಗೆ ಗೊತ್ತಿದೆ. ಕಡಿಮೆ ಶುಲ್ಕದ ಸೀಟು ಕೈಗೆಟಕುವಂತಿರುವಾಗ, ಮನೆ ಹತ್ತಿರ ಎಂಬ ಒಂದೇ ಕಾರಣಕ್ಕೆ ಬಡ್ಡಿಗೆ ಕೈ ಹಾಕುವುದನ್ನು ಅನಿವಾರ್ಯತೆ ಎನ್ನಲಾದೀತೇ? ಮನಸ್ಸನ್ನೇ ಕೇಳಿಕೊಳ್ಳಿ. ಬೇರೆ ದಾರಿಗಳನ್ನು ಮೊದಲು ಹುಡುಕಿ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಶೈಕ್ಷಣಿಕ ಸಾಲದ ನಿಯಮಗಳನ್ನು ವಿಚಾರಿಸಿ, ಅದರಲ್ಲಿರುವ ಸೇವಾಶುಲ್ಕದ ಕುರಿತು ನಿಮ್ಮ ಉಲಮಾಗಳಲ್ಲಿ ಕೇಳಿ ತಿಳಿದುಕೊಳ್ಳಿ. ಬಂಧುಗಳಿಂದ ಬಡ್ಡಿಯಿಲ್ಲದ ಸಾಲ ಕೇಳಲು ನಾಚಿಕೆ ಬೇಡ. ಮದುವೆ ಹಾಲ್‌ಗೆ, ಚಿನ್ನಕ್ಕೆ ಲಕ್ಷಗಟ್ಟಲೆ ಕೊಡುವ ನಮ್ಮ ಸ್ಥಿತಿವಂತರು ಮೊಹಲ್ಲಾದ ಒಬ್ಬ ವಿದ್ಯಾರ್ಥಿನಿಗೆ ಕರ್ಝೆ ಹಸನ್ ಕೊಡಲಾರರೇ?

ರಶೀದಿ ಇಲ್ಲದೆ 'ಡೊನೇಷನ್' ಕೊಟ್ಟು ಸೀಟು ಪಡೆಯುವ ದಾರಿಯೂ ಇದೆ. ಕ್ಯಾಪಿಟೇಷನ್ ಶುಲ್ಕವನ್ನು ಕರ್ನಾಟಕದಲ್ಲಿ 1984ರ ಕಾನೂನು ನಿಷೇಧಿಸಿದೆ. ಲಂಚ ಕೊಡುವವನನ್ನೂ ಪಡೆಯುವವನನ್ನೂ ಪ್ರವಾದಿವರ್ಯರು(ಸ) ಶಪಿಸಿದ್ದಾರೆ. ಹಾಗೆಯೇ ಶುಲ್ಕ ರಿಯಾಯಿತಿಗಾಗಿ ಸುಳ್ಳು ಆದಾಯ ಪ್ರಮಾಣಪತ್ರ ಮಾಡಿಸುವುದು. ಅದರಿಂದ ಹಕ್ಕು ತಪ್ಪುವುದು ನಿಜವಾದ ಬಡವನ ಮಗಳಿಗೆ. ರೋಗಿಗಳ ನೋವು ಪರಿಹರಿಸಬೇಕಾದ ವಿದ್ಯೆಯ ಮೊದಲ ಮೆಟ್ಟಿಲನ್ನೇ ಸುಳ್ಳಿನಲ್ಲಿ ಕಟ್ಟಿದರೆ ಅದರಲ್ಲಿ ಬರಕತ್ ಎಲ್ಲಿಂದ ಬರಬೇಕು?

ಮಗಳನ್ನು ಕೇಳಿದಿರಾ?

ಇಷ್ಟೆಲ್ಲ ಚರ್ಚೆಯಲ್ಲಿ ಒಬ್ಬಳ ಮಾತು ಮಾತ್ರ ಕೇಳಿಸುವುದಿಲ್ಲ. ಐದು ವರ್ಷ ಓದಬೇಕಾದವಳು ಬಾಗಿಲ ಹಿಂದೆ ನಿಂತಿರುತ್ತಾಳೆ. ಪ್ರವಾದಿಯವರಿಗೇ(ಸ) ಜೊತೆಗಾರರೊಂದಿಗೆ ಸಮಾಲೋಚಿಸುವಂತೆ, ನಿರ್ಧಾರ ಮಾಡಿದ ಮೇಲೆ ಅಲ್ಲಾಹನ ಮೇಲೆ ಭರವಸೆಯಿಡುವಂತೆ ಆಲಿ ಇಮ್ರಾನ್ ಅಧ್ಯಾಯದ 159ನೇ ಸೂಕ್ತದಲ್ಲಿ ಆದೇಶವಿದೆ. ಹುದೈಬಿಯಾದಲ್ಲಿ ಸಹಾಬಿಗಳು ದುಃಖದಿಂದ ಕದಲದೆ ಕುಳಿತಾಗ, ಅವರು ಪತ್ನಿ ಉಮ್ಮು ಸಲಮಾ(ರ) ಅವರ ಸಲಹೆಯಂತೆ ನಡೆದರು. ಹೀಗಿರುವಾಗ ಮಗಳ ಬದುಕಿನ ವಿಷಯದಲ್ಲಿ ಮಗಳನ್ನೇ ಕೇಳದಿರುವುದು ಯಾವ ಸುನ್ನತ್ತು?

ಮಗನಾದರೆ ಬೆಂಗಳೂರಿಗೇನು, ಪರದೇಶಕ್ಕೂ ಕಳಿಸುತ್ತೇವೆ. ಮಗಳ ವಿಷಯ ಬಂದಾಗ ಭಯ ಸಹಜ, ಆ ಭಯಕ್ಕೆ ಗೌರವವೂ ಇದೆ. ಪ್ರಯಾಣ ಮತ್ತು ವಾಸದ ಕುರಿತಾದ ಶರೀಅತ್ತಿನ ನಿಯಮಗಳನ್ನು ಉಲಮಾಗಳಲ್ಲಿ ಕೇಳಿ. ತಂದೆಯೋ ಅಣ್ಣನೋ ಜೊತೆಗೆ ಹೋಗಿ ಬರುವ, ನಂಬಿಗಸ್ತ ವಸತಿಯ ಏರ್ಪಾಟು ಮಾಡಿ. ಆದರೆ ಭಯದ ಹೆಸರು ಹೇಳಿ 'ಜನ ಏನೆನ್ನುತ್ತಾರೆ' ಎಂಬುದನ್ನೇ ತೀರ್ಮಾನದ ಕುರ್ಚಿಯಲ್ಲಿ ಕೂರಿಸಬೇಡಿ. ಇನ್ನೊಂದು ಪಕ್ಕವನ್ನೂ ನೋಡಿ. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ ಇದ್ದು, ಅವರ ಸೇವೆಗೆ ಅವಳೇ ಆಸರೆಯಾಗಿದ್ದರೆ, ಹತ್ತಿರದ ಕಾಲೇಜಿಗೆ ಹಲಾಲ್ ಹಣವೂ ಹೊಂದಿಕೆಯಾದರೆ, ಅವಳಿಗೆ ಅದೇ ಹಸಿರು ಪಕ್ಕವಾಗಬಹುದು. ಒಂದು ಮನೆಯ ಉತ್ತರ ಇನ್ನೊಂದು ಮನೆಗೆ ಹೊಂದಬೇಕೆಂದಿಲ್ಲ.

ನಮ್ಮ ಹೆಣ್ಣುಮಕ್ಕಳು ಈ ವಿದ್ಯೆ ಕಲಿಯಬೇಕಾದ ಕಾರಣವೂ ಇದೆ. ಪರಪುರುಷನ ಮುಂದೆ ಬಾಯಿ ತೆರೆಯಲು ಸಂಕೋಚಪಟ್ಟು, ಲವಂಗ ಕಚ್ಚಿಕೊಂಡು ಕೆನ್ನೆ ಊದುವವರೆಗೂ ಸಹಿಸುವ ತಾಯಂದಿರು ಇಂದಿಗೂ ಇದ್ದಾರೆ. ವೈದ್ಯವಿದ್ಯೆಯನ್ನು ಇಮಾಮ್ ಗಝಾಲಿ(ರಹ್) ಸಮುದಾಯದ ಮೇಲಿನ ಫರ್ಝ್ ಕಿಫಾಯ ಎಂದು ಗಣಿಸಿದ್ದಾರೆ. ಕೊರ್ದೋವಾದ ಅಬುಲ್ ಕಾಸಿಮ್ ಅಝ್ಝಹ್ರಾವಿ ಸಾವಿರ ವರ್ಷಗಳ ಹಿಂದೆ ತಮ್ಮ 'ಅತ್ತಸ್ರೀಫ್' ಗ್ರಂಥದಲ್ಲಿ ಹಲ್ಲಿನ ಪಾಚಿ ಕೆರೆಯುವ ಉಪಕರಣಗಳ ಚಿತ್ರ ಬರೆದಿಟ್ಟರು. ನಮ್ಮ ದೇಶದಲ್ಲೇ ಡಾ. ರಫೀಉದ್ದೀನ್ ಅಹ್ಮದ್ ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದಲ್ಲಿ ದಂತ ವೈದ್ಯ ಕಲಿತು ಮರಳಿ, 1920ರಲ್ಲಿ ಕಲ್ಕತ್ತೆಯಲ್ಲಿ ಭಾರತದ ಮೊದಲ ದಂತ ಕಾಲೇಜನ್ನು ಸ್ಥಾಪಿಸಿದರು. 1949ರಲ್ಲಿ ಅದನ್ನು ಸರಕಾರಕ್ಕೆ ಒಪ್ಪಿಸಿದರು. 1964ರಲ್ಲಿ ಪದ್ಮಭೂಷಣ ಪಡೆದರು. ಅವರ ಜನ್ಮದಿನವಾದ ಡಿಸೆಂಬರ್ 24ನ್ನು ದೇಶದ ದಂತ ವೈದ್ಯರು ಇಂದಿಗೂ ತಮ್ಮ ದಿನವಾಗಿ ಆಚರಿಸುತ್ತಾರೆ. ಓದಿನ ಕೊನೆಯಲ್ಲಿ ಜನರಿಗೆ ಏನು ಕೊಟ್ಟರು ಎಂಬುದರಿಂದ ಅವರ ಹೆಸರು ಉಳಿಯಿತು.

ಇಸ್ತಿಖಾರ ಎಂದರೆ

ವಿಚಾರಿಸಿದ್ದಾಯಿತು, ಸಮಾಲೋಚಿಸಿದ್ದಾಯಿತು. ಈಗ ಇಸ್ತಿಖಾರದ ಹೊತ್ತು. ಪ್ರವಾದಿವರ್ಯರು(ಸ) ಕುರ್‌ಆನಿನ ಅಧ್ಯಾಯವನ್ನು ಕಲಿಸುವಂತೆಯೇ ಇದನ್ನು ಕಲಿಸುತ್ತಿದ್ದರೆಂದು ಜಾಬಿರ್(ರ) ವರದಿ ಮಾಡಿದ್ದಾರೆ. ಫರ್ಝ್ ಅಲ್ಲದ ಎರಡು ರಕಅತ್ ನಮಾಝ್, ಬಳಿಕ ಒಂದು ಪ್ರಾರ್ಥನೆ. ಆ ಪ್ರಾರ್ಥನೆಯಲ್ಲಿ ದಾಸನು ತನ್ನ ಅಜ್ಞಾನವನ್ನು ಒಪ್ಪಿಕೊಂಡು, ಈ ಕೆಲಸ ತನ್ನ ಧರ್ಮಕ್ಕೂ ಬದುಕಿಗೂ ಪರಿಣಾಮಕ್ಕೂ ಒಳಿತಾದರೆ ಸುಲಭ ಮಾಡಿಕೊಡಬೇಕೆಂದೂ, ಕೆಡುಕಾದರೆ ತನ್ನಿಂದ ದೂರ ಮಾಡಿ, ಒಳಿತು ಎಲ್ಲಿದೆಯೋ ಅದರಲ್ಲಿ ತೃಪ್ತಿ ಕೊಡಬೇಕೆಂದೂ ಬೇಡುತ್ತಾನೆ.

ಗಮನಿಸಿ, ಇದರಲ್ಲಿ ಕನಸಿನ ಮಾತೇ ಇಲ್ಲ. ಹಸಿರು ಬಣ್ಣ ಕಂಡರೆ ಸರಕಾರಿ ಕಾಲೇಜು, ಬಿಳಿ ಕಂಡರೆ ಖಾಸಗಿ ಎಂಬ ಲೆಕ್ಕವೂ ಇಲ್ಲ. ಬಾಡಿಗೆಗೆ ಮಾಡಿಸುವ ಕರ್ಮವೂ ಇದಲ್ಲ. ಯಾರ ಬದುಕಿನ ಪ್ರಶ್ನೆಯೋ ಅವರೇ ಸಜ್ದಾದಲ್ಲಿ ಬಾಗಬೇಕು. ಉಸ್ತಾದರಲ್ಲಿ ದುಆ ಕೇಳಿಕೊಳ್ಳಿ, ಒಳ್ಳೆಯದೇ. ಆದರೆ ಇಸ್ತಿಖಾರವನ್ನು ಮಗಳು ಮಾಡಲಿ, ತಂದೆ-ತಾಯಿ ಮಾಡಲಿ. ಮೊದಲೇ ಮನಸ್ಸಿನಲ್ಲಿ ಕಟ್ಟಿಕೊಂಡ ಆಸೆಯನ್ನು ಬದಿಗಿಟ್ಟು ಮಾಡಬೇಕೆಂದು ಉಲಮಾಗಳು ಎಚ್ಚರಿಸಿದ್ದಾರೆ. ಬಳಿಕ ಮನಸ್ಸು ನೆಟ್ಟಗೆ ನಿಂತ ಕಡೆಗೆ ಹೆಜ್ಜೆ ಇಡಿ. ದಾರಿ ತೆರೆದರೆ ಅದು ಉತ್ತರ. ಮುಚ್ಚಿದರೆ ಅದೂ ಉತ್ತರವೇ.

ತೀರ್ಮಾನವಾದ ಮೇಲೆ

ಪಟ್ಟಿ ಸಲ್ಲಿಸಿ, ಸೀಟು ಸಿಕ್ಕಿ, ಮಗಳು ಕಾಲೇಜು ಸೇರಿದಳು. ಮೊದಲ ವರ್ಷದ ಒಂದು ವಿಷಯದಲ್ಲಿ ಅವಳು ಅನುತ್ತೀರ್ಣಳಾದಳು ಎಂದಿಟ್ಟುಕೊಳ್ಳಿ. ಆಗ ಮನೆಯಲ್ಲಿ ಹುಟ್ಟುವ ಮಾತು: "ಆ ಕಾಲೇಜಿಗೇ ಕಳಿಸಬೇಕಿತ್ತು!" ಹಾಗೆ ಮಾಡಿದ್ದರೆ ಹೀಗಾಗುತ್ತಿತ್ತು ಎನ್ನುವ ಮಾತು ಶೈತಾನನಿಗೆ ಬಾಗಿಲು ತೆರೆಯುತ್ತದೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಕೈಯಲ್ಲಿದ್ದ ತಿಳಿವಿನಿಂದ, ಹಲಾಲ್ ದಾರಿಯಲ್ಲಿ, ದುಆದೊಂದಿಗೆ ಮಾಡಿದ ಆಯ್ಕೆ ಅದು. ಆ ಮಾತಿನಿಂದ ಮಗಳ ಎದೆ ಒಡೆಯಬೇಡಿ. ಪುಸ್ತಕ ಕೊಡಿಸಿ, ಧೈರ್ಯ ಕೊಡಿ, ತಹಜ್ಜುದ್‌ನಲ್ಲಿ ಅವಳ ಹೆಸರು ಹಿಡಿದು ಬೇಡಿ.

ಎರಡೂ ಸಿಗದೇ ಹೋದರೆ? ನಾವು ಇಷ್ಟಪಡದ ವಿಷಯದಲ್ಲೂ ನಮಗೆ ಒಳಿತಿರಬಹುದೆಂದು ಕುರ್‌ಆನ್ ಕಲಿಸುತ್ತದೆ. ರಿಝ್ಕ್ ಕೊಡುವವನು ಕಾಲೇಜಲ್ಲ, ಅಲ್ಲಾಹನು.

ಒಂಟೆಯನ್ನು ಕಟ್ಟಿಹಾಕಿ, ಆಮೇಲೆ ಭರವಸೆಯಿಡಿ ಎಂದು ಕಲಿಸಿದ ಪ್ರವಾದಿಯ(ಸ) ಅನುಯಾಯಿಗಳು ನಾವು. ವಿಚಾರಿಸುವುದು, ಸಮಾಲೋಚಿಸುವುದು, ಬೇಡುವುದು, ನಿರ್ಧರಿಸುವುದು, ತೃಪ್ತರಾಗುವುದು. ಈ ಐದು ಹೆಜ್ಜೆಗಳಲ್ಲಿ ಒಂದನ್ನೂ ಬಿಡದಿರೋಣ.

ಯಾ ಅಲ್ಲಾಹ್! ನಮ್ಮ ಮಕ್ಕಳಿಗೆ ಉಪಕಾರಿಯಾದ ವಿದ್ಯೆಯನ್ನು ಕರುಣಿಸು. ಅವರ ಕೈಗಳನ್ನು ರೋಗಿಗಳ ಪಾಲಿಗೆ ಮೃದುವಾಗಿಯೂ ನಂಬಿಗಸ್ತವಾಗಿಯೂ ಮಾಡು. ನಮ್ಮ ಸಂಪಾದನೆಯನ್ನು ಹಲಾಲಿನಲ್ಲಿ ಕಾಪಾಡು. ನೀನು ನಮಗಾಗಿ ಆರಿಸಿದುದರಲ್ಲಿ ನಮ್ಮ ಮನಸ್ಸಿಗೆ ನೆಮ್ಮದಿ ಕೊಡು. ಆಮೀನ್.